ನನ್ನದು ಮುಂದಿನ ಸಲ

ಡಿಪೋದಲ್ಲಿ ಅವಳನ್ನು ಎಲ್ಲರೂ ಡ್ರೈವರಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ದೊಡ್ಡವರೂ ಅಕ್ಕ ಅನ್ನುತ್ತಿದ್ದರು, ಮ್ಯಾನೇಜರ್ ಕೂಡ. ಬೆಳಗಿನ ಪಾಳಿಗೆ ಬಂದ ಉಳಿದ ಚಾಲಕರು ಟೀ ಕುಡಿದು, ಸೀಟು ಹತ್ತಿ, ಹಾರ್ನ್ ಒಂದು ಸಲ ಒತ್ತಿ ಹೊರಟುಬಿಡುತ್ತಿದ್ದರು. ಡ್ರೈವರಕ್ಕ ಮಾತ್ರ ಬಸ್ಸಿಗೆ ಪೂರ್ತಿ ಒಂದು ಸುತ್ತು ಬರದೆ ಕೀಲಿ ತಿರುಗಿಸುತ್ತಿರಲಿಲ್ಲ. ಒಂದೊಂದು ಚಕ್ರವನ್ನೂ ಕಾಲಿನಿಂದ ಒದ್ದು ನೋಡುವಳು, ಎಂಜಿನ್ನಿನ ಎಣ್ಣೆ ನೋಡುವಳು, ಕನ್ನಡಿ ಒರೆಸುವಳು, ಬ್ರೇಕು ತುಳಿದು ಕಿವಿಗೊಡುವಳು. ಎಲ್ಲೋ ಸಣ್ಣಗೆ ಕಿರ್ ಅಂದರೂ ಗಾಡಿ ಗೇಟು ದಾಟುತ್ತಿರಲಿಲ್ಲ. ಮೆಕ್ಯಾನಿಕ್ ಗೊಣಗಿಕೊಂಡೇ ಬರುತ್ತಿದ್ದ.

"ಅಕ್ಕಾ, ಇದು ಇನ್ನೂ ಒಂದು ವಾರ ಆರಾಮಾಗಿ ಓಡುತ್ತೆ."

"ವಾರ ಆದ್ಮೇಲೆ?"

"ಆಮೇಲೆ ನೋಡೋಣ."

"ಆಮೇಲೆ ನೋಡೋಕೆ ಏನೂ ಉಳಿದಿರಲ್ಲಪ್ಪ. ಈಗಲೇ ಬಿಚ್ಚು."

ಅವಳ ಬಸ್ಸಿನ ಕಂಡಕ್ಟರಿಗೆ ಚಿಲ್ಲರೆ ಅಂತ ಅಡ್ಡಹೆಸರು. ಯಾರು ನೋಟು ಚಾಚಿದರೂ ಮೊದಲು "ಚಿಲ್ಲರೆ ಇಲ್ಲ" ಅನ್ನುವುದು, ಆಮೇಲೆ ಅಂಗಿಯ ಜೇಬು, ಪ್ಯಾಂಟಿನ ಜೇಬು, ಚೀಲ ಎಲ್ಲ ತಡಕಾಡಿ ಕೊಡುವುದು ಅವನ ರೂಢಿ. ಅವನು ಮೆಟ್ಟಿಲ ಮೇಲೆ ನಿಂತು ಈ ತಪಾಸಣೆ ನೋಡುತ್ತ ನಗುತ್ತಿದ್ದ. "ಇಷ್ಟು ಆರೈಕೆ ಸಿಗುತ್ತೆ ಅಂದ್ರೆ ಮುಂದಿನ ಜನ್ಮದಲ್ಲಿ ನಾನೂ ಬಸ್ಸಾಗೇ ಹುಟ್ತೀನಿ ಅಕ್ಕ."

ಮನೆಯಲ್ಲಿ ಅವಳು ಮತ್ತು ಅವಳ ಅಮ್ಮ, ಇಬ್ಬರೇ. ಔಷಧಿ ಅಂಗಡಿಯೊಂದರ ಮೇಲೆ ಎರಡು ಕೋಣೆ, ಬೀದಿಗೆ ತೆರೆದ ಒಂದು ಕಿಟಕಿ. ಅಪ್ಪ ಹೋದ ಮೇಲೆ ಮನೆಯ ನೊಗ ಅವಳ ಹೆಗಲಿಗೆ ಬಂದಿತ್ತು. ತಂಗಿಯನ್ನು ಓದಿಸಿ, ಮದುವೆ ಮಾಡಿ, ದಡ ಮುಟ್ಟಿಸುವ ಹೊತ್ತಿಗೆ ಅವಳ ಮದುವೆಯ ಮಾತು ಎತ್ತುವವರು ಯಾರೂ ಉಳಿದಿರಲಿಲ್ಲ. ಅದಕ್ಕಾಗಿ ಅವಳು ಕೊರಗಿದ್ದನ್ನು ಯಾರೂ ಕಂಡಿಲ್ಲ. "ನಂಗೆ ಏನಾಗಿದೆ? ಗುಂಡುಕಲ್ಲಿನ ಹಾಗಿದೀನಿ" ಅನ್ನುತ್ತಿದ್ದಳು.

ಅಮ್ಮನ ಕಣ್ಣಿನದು ದೊಡ್ಡ ಕಥೆ. ಕಣ್ಣಿನ ಒಳಗೆ ಪ್ರೆಶರ್ ಏರಿ ನರ ಸಾಯುವ ಕಾಯಿಲೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅಮ್ಮನ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಅರ್ಧ ಬೆಳಕು ಉಳಿದಿತ್ತು. ಆ ಅರ್ಧವನ್ನು ಉಳಿಸಿಕೊಂಡವಳು ಡ್ರೈವರಕ್ಕ. ಬೆಳಗ್ಗೆ ಪಾಳಿಗೆ ಹೊರಡುವ ಮೊದಲು ಒಂದು ಹನಿ, ಸಂಜೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ ಒಂದು ಹನಿ. ಜ್ವರ ಬಂದ ದಿನ ಗೋಡೆ ಹಿಡಿದುಕೊಂಡು ಬಂದು ಹಾಕಿದ್ದಾಳೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದು ಮಾತಿಗೆ ಹೇಳುತ್ತೇವೆ. ಅವಳು ನಿಜವಾಗಿಯೂ ಹಾಗೆ ಕಾದಳು, ಅಮ್ಮನ ಕಣ್ಣನ್ನು.

ಆಗಾಗ ಅಮ್ಮನನ್ನು ತಪಾಸಣೆಗೆ ಕರೆದುಕೊಂಡು ಹೋಗಬೇಕಿತ್ತು. ಕಣ್ಣಿನ ಡಾಕ್ಟರಮ್ಮ ನಿಧಾನಸ್ಥೆ, ಮಾತು ಕಡಿಮೆ. ಆದರೆ ಪ್ರತಿ ಸಲವೂ ಅಮ್ಮನನ್ನು ಕುರ್ಚಿಯಿಂದ ಇಳಿಸಿದ ಮೇಲೆ ಮಗಳ ಕಡೆ ತಿರುಗಿ ಒಂದೇ ಮಾತು ಹೇಳುತ್ತಿದ್ದರು.

"ನೀವೂ ಒಂದ್ಸಲ ಕೂತ್ಕೊಳ್ಳಿ, ನೋಡಿಬಿಡ್ತೀನಿ. ಇದು ರಕ್ತದಲ್ಲಿ ಬರೋದು. ಅಮ್ಮನಿಗಿದ್ರೆ ಮಕ್ಕಳಿಗೂ ಬರಬಹುದು."

"ನನ್ನದು ಮುಂದಿನ ಸಲ ಡಾಕ್ಟ್ರೇ. ಈಗ ಪಾಳಿಗೆ ಹೋಗ್ಬೇಕು."

ಒಂದು ಸಲ ಪಾಳಿ, ಇನ್ನೊಂದು ಸಲ ಅಮ್ಮನಿಗೆ ಹಸಿವು, ಮತ್ತೊಂದು ಸಲ ತಂಗಿಯ ಮಗುವಿಗೆ ಹುಷಾರಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಆ ದಿನ ಬಸ್ಸು ಓಡಿಸುವಂತಿಲ್ಲ, ರಜೆ ಹಾಕಬೇಕು, ತನಗೋಸ್ಕರ ರಜೆ ಅಂದರೆ ಅವಳಿಗೆ ಏನೋ ಕದ್ದ ಹಾಗೆ ಅನ್ನಿಸುತ್ತಿತ್ತು. ಯಾವ ಕಾರಣವೂ ಸುಳ್ಳಲ್ಲ. ಅದೇ ತೊಂದರೆಯಾಗಿದ್ದು. ಸುಳ್ಳಾಗಿದ್ದರೆ ಎಂದಾದರೂ ತನಗೆ ತಾನೇ ಸಿಕ್ಕಿಬೀಳುತ್ತಿದ್ದಳು.

ಮೇಲಾಗಿ ಅವಳ ಬಳಿ ಒಂದು ಗಟ್ಟಿ ಸಮಾಧಾನವಿತ್ತು. ಡಿಪೋದಲ್ಲಿ ವರ್ಷಕ್ಕೊಮ್ಮೆ ಚಾಲಕರಿಗೆಲ್ಲ ಕಣ್ಣಿನ ಪರೀಕ್ಷೆ. ಗೋಡೆಗೆ ತೂಗುಹಾಕಿದ ಹಲಗೆ, ಮೇಲೆ ದೊಡ್ಡಕ್ಷರ, ಕೆಳಕ್ಕೆ ಬಂದಂತೆ ಸಣ್ಣದು. ಉಳಿದವರು ಕೆಳಗಿನ ಸಾಲಿಗೆ ಬರುತ್ತಿದ್ದ ಹಾಗೆ ಕಣ್ಣು ಕಿರಿದು ಮಾಡಿ ತಡವರಿಸುವಾಗ ಅವಳು ಪಟಪಟ ಓದಿಬಿಡುತ್ತಿದ್ದಳು. "ಹದ್ದಿನ ಕಣ್ಣು" ಅಂತ ಚಿಲ್ಲರೆ ಊರೆಲ್ಲ ಸಾರಿದ್ದ.

ತಂಗಿ ಪಕ್ಕದ ಬೀದಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಅಕ್ಕ ತನಗಾಗಿ ಸವೆದದ್ದು ಅವಳಿಗೆ ಗೊತ್ತಿತ್ತು, ತನ್ನ ಕೈಲಾದ ರೀತಿಯಲ್ಲಿ ತೀರಿಸಲು ನೋಡುತ್ತಿದ್ದಳು. ತಿಂಗಳಿಗೊಂದು ಭಾನುವಾರ ಅಕ್ಕನನ್ನು ಎಳೆದುಕೊಂಡು ಹೋಗಿ ಉದ್ದನೆಯ ಕುರ್ಚಿಯ ಮೇಲೆ ಮಲಗಿಸಿ, ಮುಖಕ್ಕೆ ತಣ್ಣನೆಯ ಕ್ರೀಮು ಬಳಿದು, ಎರಡೂ ಕಣ್ಣಿನ ಮೇಲೆ ಸೌತೆಕಾಯಿಯ ಬಿಲ್ಲೆ ಇಡುತ್ತಿದ್ದಳು.

"ನಿನ್ನನ್ನ ನೀನು ನೋಡ್ಕೋಬೇಕು ಕಣೇ ಅಕ್ಕ. ಎಲ್ಲರನ್ನೂ ನೋಡ್ಕೊಳ್ತೀಯ, ನಿನ್ನನ್ನ ಯಾರು ನೋಡ್ತಾರೆ?"

"ನೀನು ನೋಡ್ತಿದೀಯಲ್ಲ."

"ಒಂದು ಗಂಟೆ ಮಾತಾಡ್ದೆ ಮಲಗು. ಇದು ನಿನ್ನ ಗಂಟೆ."

ಡ್ರೈವರಕ್ಕನಿಗೆ ಅದು ಇಷ್ಟವಾಗುತ್ತಿತ್ತು. ಎದ್ದು ಕನ್ನಡಿ ನೋಡಿಕೊಂಡರೆ ಮುಖ ಹೊಳೆಯುತ್ತಿತ್ತು. ತನ್ನನ್ನು ತಾನು ನೋಡಿಕೊಳ್ಳುವುದೆಂದರೆ ಇದೇ ಎಂದುಕೊಂಡಿದ್ದಳು. ತಿಂಗಳಿಗೊಂದು ಬಹುಮಾನ, ಉಳಿದ ದಿನಗಳಿಗೆ ಪರಿಹಾರ. ಅಮ್ಮ ಮಾತ್ರ ಒಮ್ಮೊಮ್ಮೆ ಚುಚ್ಚುತ್ತಿದ್ದಳು. "ಮಧ್ಯಾಹ್ನದ ಡಬ್ಬಿ ಮುಚ್ಚಳ ತೆಗೀದೆ ವಾಪಸ್ ತರ್ತೀಯ, ಮುಖಕ್ಕೆ ಮಾತ್ರ ಹಣ್ಣಿನ ರಸ ಬಳ್ಕೋತೀಯ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು." ಮೂವರೂ ನಗುತ್ತಿದ್ದರು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಸೂಚನೆಗಳು ಬಂದಿರಲಿಲ್ಲ ಎಂದಲ್ಲ. ಬಾಗಿಲ ಚೌಕಟ್ಟು ಎಡ ಭುಜಕ್ಕೆ ತಾಗುವುದು ಹೆಚ್ಚಾಯಿತು. ಮೇಜಿನ ಎಡಕ್ಕಿಟ್ಟ ಲೋಟ ಕೈತಾಗಿ ಉರುಳುತ್ತಿತ್ತು. ಒಂದು ದಿನ ಸ್ಟಾಪಿನಲ್ಲಿ ಓಡಿಬರುತ್ತಿದ್ದ ಹೆಂಗಸನ್ನು ಬಿಟ್ಟು ಹೊರಟುಬಿಟ್ಟಳು, ಆಕೆ ಹಿಂದಿನಿಂದ ಶಾಪ ಹಾಕಿದ್ದು ಬಸ್ಸಿಗೆಲ್ಲ ಕೇಳಿಸಿತು. ಇನ್ನೊಂದು ದಿನ ಎಡಗಡೆಯ ಕನ್ನಡಿ ಕಂಬಕ್ಕೆ ಉಜ್ಜಿತು. "ಆ ಕಂಬ ನಿಮಗೇನು ಸಾಲ ಕೊಡಬೇಕಿತ್ತಾ ಅಕ್ಕ?" ಎಂದು ಚಿಲ್ಲರೆ ಕೇಳಿದ. ಅವಳು ನಕ್ಕು, ನಿದ್ದೆ ಸಾಲದು ಎಂದಳು. ಆ ಸಂಜೆ ಡಿಪೋಗೆ ಮರಳಿದ ಮೇಲೆ ಕನ್ನಡಿಯನ್ನು ಬದಲಾಯಿಸಿಯೇ ಮನೆಗೆ ಹೋದಳು. ಕನ್ನಡಿ ಯಾಕೆ ಉಜ್ಜಿತು ಎಂದು ತನ್ನನ್ನು ಕೇಳಿಕೊಳ್ಳಲಿಲ್ಲ.

ಆಮೇಲೆ ಆ ಮಧ್ಯಾಹ್ನ ಬಂತು. ಬಿಸಿಲು ಚೆನ್ನಾಗಿತ್ತು, ರಸ್ತೆ ಒಣಗಿತ್ತು, ಬಸ್ಸಿನಲ್ಲಿ ಅರ್ಧ ಸೀಟು ಖಾಲಿ. ಅಂಚೆ ಕಚೇರಿಯ ಮೂಲೆಯಲ್ಲಿ ಎಡಕ್ಕೆ ತಿರುಗಬೇಕು. ಅವಳು ವೇಗ ಇಳಿಸಿದಳು, ತಿರುವಿನ ದೀಪ ಹಾಕಿದಳು, ಕನ್ನಡಿ ನೋಡಿದಳು, ಸ್ಟೀರಿಂಗ್ ತಿರುಗಿಸಿದಳು. ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ತಗಡು ಮುರಿದ ಸದ್ದಾಯಿತು. ಯಾರೋ ಕೂಗಿದರು. ಬ್ರೇಕು ಒತ್ತಿ ಇಳಿದು ಓಡಿದರೆ ರಸ್ತೆಯ ತುಂಬ ಕೆಂಪು. ಅವಳು ಮುಂದೆ ಹೋಗದೆ ಅಲ್ಲೇ ನಿಂತಳು. ಹತ್ತಿರ ಹೋದವನು ಚಿಲ್ಲರೆ. "ಬಣ್ಣ ಅಕ್ಕ, ಬಣ್ಣ! ಜೀವ ಇದೆ!" ಎಂದು ಕೂಗಿದ.

ಬಿದ್ದವನು ಬೋರ್ಡು ಬರೆಯುವ ಪೇಂಟರು. ಅಂಗಡಿಗಳ ಹೆಸರಿನ ಹಲಗೆ ಬರೆಯುವವನು, ಸೈಕಲ್ಲಿನ ಹ್ಯಾಂಡಲ್ಲಿಗೆ ಬಣ್ಣದ ಡಬ್ಬಿಗಳನ್ನು ಕಟ್ಟಿಕೊಂಡು ಹೊರಟಿದ್ದ. ತಲೆಗೆ ಏನೂ ಆಗಿರಲಿಲ್ಲ. ಆದರೆ ಬೀಳುವಾಗ ಊರಿದ ಬಲಗೈ ಮಣಿಕಟ್ಟಿನಲ್ಲಿ ಪುಡಿಯಾಗಿತ್ತು. ಅವನನ್ನು ಆಟೋಗೆ ಹತ್ತಿಸುವಾಗ ಅವನು ಎಡಗೈಯಿಂದ ಬಲಗೈಯನ್ನು ಮಗುವಿನ ಹಾಗೆ ಎತ್ತಿ ಹಿಡಿದುಕೊಂಡಿದ್ದ. ಅಳುತ್ತಿರಲಿಲ್ಲ. "ಇದೇ ಕೈ, ಇದೇ ಕೈ" ಎಂದಷ್ಟೇ ಹೇಳುತ್ತಿದ್ದ.

ವಿಚಾರಣೆಯಲ್ಲಿ ಎಲ್ಲರೂ ಅವಳ ಪರ. ಇಷ್ಟು ವರ್ಷದಲ್ಲಿ ಒಂದು ಅಪಘಾತ ಮಾಡದ ಚಾಲಕಿ, ದೀಪ ಹಾಕಿದ್ದಾಳೆ, ವೇಗ ಕಡಿಮೆ. ಮತ್ತೆ ಅಕ್ಷರದ ಹಲಗೆಯ ಮುಂದೆ ನಿಲ್ಲಿಸಿದರು, ಕೊನೆಯ ಸಾಲಿನವರೆಗೂ ಓದಿದಳು. ಸೈಕಲ್ಲಿನವನೇ ತಿರುವಿನಲ್ಲಿ ನುಗ್ಗಿರಬೇಕು ಎಂದು ತೀರ್ಮಾನವಾಗುವ ಹಾಗಿತ್ತು. ಮ್ಯಾನೇಜರ್ ಅವಳ ಎಡಗೈ ಬಳಿಗೆ ನೀರಿನ ಲೋಟ ಸರಿಸಿ, "ಒಂದು ವಾರ ರೆಸ್ಟ್ ತಗೊಂಡು ಬನ್ನಿ ಅಕ್ಕ. ನಿಮ್ಮ ಗಾಡಿ ನಿಮಗೇ" ಎಂದರು. ಅವಳು ಲೋಟಕ್ಕೆ ಕೈ ಚಾಚಿದಳು. ಲೋಟ ಉರುಳಿ ಮ್ಯಾನೇಜರರ ಕಾಗದಗಳೆಲ್ಲ ಒದ್ದೆಯಾದವು.

ಹೊರಗೆ ಬಂದು ಚಿಲ್ಲರೆಯನ್ನು ಒಂದು ಬದಿಗೆ ಕರೆದಳು.

"ನಿಜ ಹೇಳು. ಅವನು ಎಲ್ಲಿಂದ ಬಂದ?"

ಚಿಲ್ಲರೆ ನೆಲ ನೋಡಿದ. "ಈಗ್ಯಾಕೆ ಅಕ್ಕ ಅದೆಲ್ಲ. ಮುಗೀತಲ್ಲ."

"ಹೇಳು ಅಂದ್ರೆ ಹೇಳು."

"ಎಲ್ಲಿಂದ್ಲೂ ಬರ್ಲಿಲ್ಲ. ಹಿಂದಿನ ಸ್ಟಾಪಿನಿಂದ ನಮ್ಮ ಎಡಗಡೆ, ಸ್ವಲ್ಪ ಮುಂದೇನೇ ಹೋಗ್ತಿದ್ದ. ಮುಂಬಾಗಿಲ ಹತ್ರ ನಿಂತಿದ್ದ ನಂಗೇ ಕಾಣಿಸ್ತಿತ್ತು. ನೀವು ನೋಡಿದೀರ ಅಂದ್ಕೊಂಡೆ."

ಅವಳು ನೋಡಿರಲಿಲ್ಲ. ಅವಳ ಪಾಲಿಗೆ ಆ ರಸ್ತೆಯಲ್ಲಿ ಸೈಕಲ್ಲೇ ಇರಲಿಲ್ಲ.

ಮರುದಿನ ಅವಳು ಕಣ್ಣಿನ ಆಸ್ಪತ್ರೆಗೆ ಹೋದಳು. ಅಮ್ಮ ಜೊತೆಗಿಲ್ಲದೆ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಡಾಕ್ಟರಮ್ಮ ಅವಳ ಹಿಂದೆ ಇಣುಕಿ ನೋಡಿ, "ಅಮ್ಮ ಎಲ್ಲಿ?" ಎಂದು ಕೇಳಿದರು.

"ಇವತ್ತು ನಾನೇ ಡಾಕ್ಟ್ರೇ."

ಕತ್ತಲು ಮಾಡಿದ ಸಣ್ಣ ಕೋಣೆ. ಅರ್ಧ ಕುಂಬಳಕಾಯಿ ಕೊರೆದಿಟ್ಟಂಥ ಬಿಳಿ ಯಂತ್ರ. ಅದರ ಮುಂದೆ ಗಲ್ಲ ಊರಿಸಿ ಕೂರಿಸಿದರು, ಒಂದು ಕಣ್ಣಿಗೆ ಪಟ್ಟಿ ಕಟ್ಟಿದರು, ಕೈಗೆ ಒಂದು ಗುಂಡಿ ಕೊಟ್ಟರು. "ನಡುವಿನ ಚುಕ್ಕೆಯನ್ನೇ ನೋಡ್ತಿರಿ. ಸುತ್ತ ಎಲ್ಲಾದ್ರೂ ಸಣ್ಣ ಬೆಳಕು ಕಂಡ್ರೆ ಗುಂಡಿ ಒತ್ತಿ, ಅಷ್ಟೆ" ಎಂದಳು ಪರೀಕ್ಷೆ ಮಾಡುವ ಹುಡುಗಿ. ಬೆಳಕು ಬಂತು, ಒತ್ತಿದಳು. ಮತ್ತೆ ಬಂತು, ಒತ್ತಿದಳು. ಆಮೇಲೆ ಏನೂ ಬರಲಿಲ್ಲ. ಕಾದಳು. ಯಂತ್ರ ಮಾತ್ರ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಮತ್ತೊಂದು ಬೆಳಕು. ಮತ್ತೆ ಉದ್ದನೆಯ ಖಾಲಿ.

"ಯಂತ್ರ ನಿಂತುಹೋಯ್ತೇನಮ್ಮ?" ಎಂದು ಕೇಳಿದಳು.

"ಇಲ್ಲಮ್ಮ," ಹುಡುಗಿ ಸಂಕೋಚದಿಂದ ಹೇಳಿದಳು, "ಬೆಳಕು ಬರ್ತಾನೇ ಇದೆ."

ಡಾಕ್ಟರಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ತೋರಿಸಿದರು. ಎರಡೂ ಕಣ್ಣಿನ ಚಿತ್ರದಲ್ಲಿ ಮಸಿ ಚೆಲ್ಲಿದ ಹಾಗಿತ್ತು, ಎಡಬದಿಯಲ್ಲಿ ಹೆಚ್ಚು. ನಡುವೆ ಮಾತ್ರ ತಿಳಿ. ಅದಕ್ಕೇ ಅಕ್ಷರದ ಹಲಗೆ ಅವಳನ್ನು ಪ್ರತಿ ವರ್ಷ ಪಾಸು ಮಾಡಿತ್ತು. ಇದು ಅಂಚಿನಿಂದ ತಿನ್ನುತ್ತ ಬರುವ ಕಾಯಿಲೆ. ಕೊನೆಗೆ ನಡುವಿಗೆ ಕೈ ಹಾಕುತ್ತದೆ.

"ವಾಪಸ್ ಬರುತ್ತಾ?"

"ಹೋಗಿದ್ದು ಬರಲ್ಲ. ಇರೋದನ್ನ ಉಳಿಸ್ಕೋಬಹುದು."

"ಮೊದಲೇ ಬಂದಿದ್ರೆ?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಹೇಳಿದ್ದೆನಲ್ಲ ಎಂದು ಬಯ್ಯಬಹುದಿತ್ತು. ಬಯ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ. ಅವರು, "ಬಂದಿದ್ರೆ ಇನ್ನೂ ಬಸ್ಸು ಓಡಿಸ್ತಿದ್ರಿ" ಎಂದಷ್ಟೇ ಹೇಳಿ ಔಷಧಿ ಬರೆದುಕೊಟ್ಟರು. ಅಮ್ಮನಿಗೆ ಕೊಡುತ್ತಿದ್ದ ಅದೇ ಔಷಧಿ.

ಪಾಪೆ ಹಿಗ್ಗಿದ ಕಣ್ಣಿಗೆ ಬೀದಿಯೆಲ್ಲ ಬೆಳ್ಳಗೆ ಉರಿಯುತ್ತಿತ್ತು. ಗೋಡೆ ಹಿಡಿದು ಮನೆ ಸೇರಿದಾಗ ಅಮ್ಮ ಕಿಟಕಿಯ ಬಳಿ ತಲೆ ಹಿಂದಕ್ಕೆ ಚೆಲ್ಲಿ ತಯಾರಾಗಿ ಕೂತಿದ್ದಳು. ಮಗಳು ಬಾಟಲಿ ತೆಗೆದಳು. ಹತ್ತಿರದ್ದು ಏನೂ ಕಾಣುತ್ತಿರಲಿಲ್ಲ. ಹನಿ ಅಮ್ಮನ ಕೆನ್ನೆಗೆ ಬಿತ್ತು, ಇನ್ನೊಂದು ಹಣೆಗೆ.

"ಏನಾಯ್ತೇ ನಿಂಗೆ ಇವತ್ತು?"

ಅವಳು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು.

"ನನ್ನ ಕಣ್ಣು ಕಾಯೋಕೆ ಹೋಗಿ ನಿನ್ನದು ಕಳ್ಕೊಂಡ್ಯಾ ಮಗಳೇ?"

"ಇಲ್ಲಮ್ಮ. ಹಾಗಿದ್ದಿದ್ರೆ ಸಮಾಧಾನ ಇರ್ತಿತ್ತು. ಒಂದನ್ನ ಕೊಟ್ಟು ಇನ್ನೊಂದನ್ನ ಉಳಿಸ್ದೆ ಅಂತ ಅಂದ್ಕೋತಿದ್ದೆ. ಎರಡನ್ನೂ ಉಳಿಸಬಹುದಿತ್ತು. ನಿನ್ನನ್ನ ಆ ಕುರ್ಚಿಯಿಂದ ಇಳಿಸಿದ ಮೇಲೆ ನಾನು ಹತ್ತಿ ಕೂತಿದ್ರೆ ಆಗ್ತಿತ್ತು. ಅಷ್ಟೇ ಆಗಬೇಕಾಗಿದ್ದಿದ್ದು. ಅದಕ್ಕೇ ಹೊಟ್ಟೆ ಉರಿಯೋದು."

ಹೇಳುತ್ತ ಹೇಳುತ್ತ ಅವಳಿಗೇ ಇನ್ನೊಂದು ವಿಷಯ ಹೊಳೆಯಿತು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾನಿಲ್ಲದಿದ್ದರೆ ಇವರಿಗೆಲ್ಲ ನಡೆಯುವುದಿಲ್ಲ ಅನ್ನುವ ಮಾತು ಅವಳಿಗೆ ಒಳಗೊಳಗೇ ರುಚಿಸಿತ್ತು. ತನ್ನ ಹಸಿವು, ತನ್ನ ನಿದ್ದೆ, ತನ್ನ ಕಣ್ಣು ಕೊನೆಗೆ ಉಳಿಯುವುದರಲ್ಲಿ ಒಂದು ಹೆಮ್ಮೆಯಿತ್ತು. ಆ ಹೆಮ್ಮೆಯನ್ನು ಪ್ರೀತಿ ಎಂದುಕೊಂಡಿದ್ದಳು.

ಅಮ್ಮ ಹೇಳಿದಳು, "ನಾನಾದ್ರೂ ಕೇಳಬೇಕಿತ್ತು. ದಿನಾ ಎರಡು ಹೊತ್ತು ನಿನ್ನ ಮುಂದೆ ಮುಖ ಒಡ್ಡಿದೆ. ನಿನ್ನ ಕಣ್ಣು ಹೇಗಿದೆ ಅಂತ ಒಂದು ದಿನ ಕೇಳಲಿಲ್ಲ." ಆಮೇಲೆ, "ಕೊಡು ಇಲ್ಲಿ, ನಾನು ಹಾಕ್ತೀನಿ" ಎಂದು ಕೈ ಚಾಚಿದಳು.

"ನಿಂಗೆ ಕಾಣ್ಸಲ್ಲ ಅಮ್ಮ."

"ನಿನ್ನ ಮುಖ ನಂಗೆ ಕೈಯಲ್ಲೇ ಗೊತ್ತು."

ಹಣೆ ಸವರಿ, ಹುಬ್ಬು ಹುಡುಕಿ, ರೆಪ್ಪೆ ಎಳೆದು ಹಿಡಿದಳು. ಮೊದಲ ಹನಿ ಮೂಗಿಗೆ ಹೋಯಿತು. ಎರಡನೆಯದು ಸರಿಯಾಗಿ ಬಿತ್ತು. ಕುರುಡು ಕುರುಡಿಗೆ ದಾರಿ ತೋರಿಸಿದ ಹಾಗಾಯಿತು ಎಂದು ಇಬ್ಬರೂ ನಕ್ಕರು, ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮ್ಯಾನೇಜರಿಗೆ ಹೇಳಬೇಕಾಗಿತ್ತು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹಲಗೆ ಅವಳ ಪರವಾಗಿಯೇ ಇತ್ತು. ಡಿಪೋಗೆ ಹೋದಳು. ಅವಳ ಬಸ್ಸು ತೊಳೆದು ನಿಂತಿತ್ತು. ರೂಢಿಯಂತೆ ಒಂದು ಸುತ್ತು ಬಂದು, ಮುಂದಿನ ಚಕ್ರದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಹೋಗಿ, "ತಪ್ಪು ಸೈಕಲ್ಲಿನವನದಲ್ಲ ಸರ್. ನಂಗೆ ಎಡಗಡೆ ಕಾಣಲ್ಲ" ಎಂದಳು.

ಮ್ಯಾನೇಜರ್ ಎದ್ದು ಬಾಗಿಲು ಹಾಕಿಬಂದರು. "ಅಕ್ಕ, ಇದನ್ನ ಹೇಳಿದ್ರೆ ನೀವು ಇನ್ನು ಸ್ಟೀರಿಂಗ್ ಮುಟ್ಟೋ ಹಾಗಿಲ್ಲ."

"ಮುಟ್ಟಬಾರದು ಅಂತಾನೇ ಹೇಳ್ತಿರೋದು."

ಅವಳಿಗೆ ನಿಲ್ದಾಣದ ವಿಚಾರಣಾ ಕೌಂಟರಿನಲ್ಲಿ ಕೆಲಸ ಕೊಟ್ಟರು. ಗಾಜಿನ ಹಿಂದೆ ಕೂತು ಯಾವ ಬಸ್ಸು ಎಲ್ಲಿ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುವುದು. ಚಿಲ್ಲರೆ ದಿನಾ ಬಂದು ಗಾಜು ತಟ್ಟಿ, ಹೊಸ ಡ್ರೈವರು ಬ್ರೇಕು ಹಾಕುವ ರೀತಿಯನ್ನು ಆಡಿಕೊಂಡು ಹೋಗುತ್ತಿದ್ದ. ಅವಳನ್ನು ನಗಿಸಲೆಂದೇ ಬರುತ್ತಿದ್ದ. ಅವಳು ನಗುತ್ತಿದ್ದಳು. ಅವನು ಹೋದ ಮೇಲೆ ಬಸ್ಸು ಹೊರಡುವ ಸದ್ದು ಕೇಳಿದರೆ ಅವಳ ಬಲಗಾಲು ಮೇಜಿನ ಕೆಳಗೆ ತಾನೇ ತಾನಾಗಿ ನೆಲವನ್ನು ಒತ್ತುತ್ತಿತ್ತು.

ತಂಗಿಗೆ ಗೊತ್ತಾದ ದಿನ ಪಾರ್ಲರಿನ ಬಾಗಿಲು ಹಾಕಿ ಅತ್ತಳು. "ನನ್ನ ಕೈಯಾರೆ, ಆ ಕಣ್ಣಿನ ಮೇಲೇ ಸೌತೆಕಾಯಿ ಇಟ್ಟು ಮುಚ್ಚಿದೀನಲ್ಲೇ. ನೋಡ್ಕೋ ನೋಡ್ಕೋ ಅಂತ ಬೇರೆ ಹೇಳ್ತಿದ್ದೆ."

"ಅಳು ಆಮೇಲೆ. ಎದ್ದೇಳು, ನಿನ್ನದನ್ನ ತೋರಿಸಿ ಬರೋಣ."

"ನಾಳೆ ಒಂದು ಮದುಮಗಳ ಬುಕಿಂಗ್ ಇದೆ ಕಣೇ. ಮುಂದಿನ ವಾರ..."

ಅಕ್ಕ ತಂಗಿಯ ರಟ್ಟೆ ಹಿಡಿದ ರೀತಿಗೆ ಆ ಮಾತು ಪೂರ್ತಿಯಾಗಲಿಲ್ಲ. ತಂಗಿಯ ಕಣ್ಣಿನಲ್ಲಿ ಕಾಯಿಲೆ ಆಗಷ್ಟೇ ಹೊಸಲು ತುಳಿದಿತ್ತು. ಏನೂ ಕಳೆದಿರಲಿಲ್ಲ, ಹನಿ ಹಾಕಿಕೊಂಡರೆ ಕಳೆಯುವುದೂ ಇಲ್ಲ ಎಂದರು ಡಾಕ್ಟರಮ್ಮ. ದೊಡ್ಡವಳಿಗೆ ಸಂತೋಷವಾಯಿತು. ಆ ಸಂತೋಷದ ಅಡಿಯಲ್ಲಿ ಸಣ್ಣಗೆ ಒಂದು ಉರಿಯೂ ಇತ್ತು. ಇಷ್ಟು ಸುಲಭವಾಗಿತ್ತೇ ಇದು?

ಪೇಂಟರನ ಮನೆಗೆ ಹೋಗಲು ಅವಳಿಗೆ ಧೈರ್ಯ ಬರಲು ದಿನಗಳು ಹಿಡಿದವು. ಗಲ್ಲಿಯ ಕೊನೆಯಲ್ಲಿ ಮನೆ, ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಅರ್ಧ ಬರೆದ ಹಲಗೆಯೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಪೇಂಟರನ ಹೆಂಡತಿ ಸ್ಟೂಲು ಹಾಕಿದಳು. ಅವನು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೂಳೆ ಕೂಡಿತ್ತು, ಬೆರಳು ಮಡಚುತ್ತಿರಲಿಲ್ಲ.

"ಬಸ್ಸು ಓಡಿಸ್ತಿದ್ದವಳು ನಾನೇ," ಎಂದಳು. "ನಿಮ್ಮದು ತಪ್ಪು ಅಂತ ಡಿಪೋದವರು ಹೇಳಿದ್ರಲ್ಲ, ಅದು ಸುಳ್ಳು. ನಂಗೆ ಕಣ್ಣಿನ ಕಾಯಿಲೆ. ನೀವು ನಂಗೆ ಕಾಣಿಸಲೇ ಇಲ್ಲ."

"ಕಾಯಿಲೆ ಇರೋದು ಗೊತ್ತಿರಲಿಲ್ವಾ?"

"ಗೊತ್ತಿರಲಿಲ್ಲ. ಗೊತ್ತು ಮಾಡ್ಕೋಬಹುದಿತ್ತು. ಡಾಕ್ಟರು ಕರೆದು ಕರೆದು ಹೇಳಿದ್ರು. ನಾನು ಹೋಗಲಿಲ್ಲ."

ಅವನು ಅವಳನ್ನು ದಿಟ್ಟಿಸಿ ನೋಡಿದ. "ಹೇಳಿದ್ರಲ್ಲ, ಆಯ್ತು. ಇನ್ನು ಹೊರಡಿ."

ಅವಳು ಎದ್ದಳು. ಹೆಂಡತಿ ಬಾಗಿಲವರೆಗೆ ಬಂದು ತಗ್ಗಿದ ದನಿಯಲ್ಲಿ, "ಕೋಪ ಮಾಡ್ಕೋಬೇಡಿ. ಆ ಕೈ ಮೇಲೇ ಅವರಿಗೆ ಕೋಪ. ದಿನಾ ಚೆಂಡು ಹಿಸುಕಿ, ಬಿಸಿನೀರಲ್ಲಿಟ್ಟು ಬೆರಳಾಡಿಸಿ ಅಂತ ಆಸ್ಪತ್ರೆಯಲ್ಲಿ ಹೇಳಿದಾರೆ. ಮುಟ್ಟೋದೇ ಇಲ್ಲ" ಎಂದಳು.

ಡ್ರೈವರಕ್ಕ ಅಲ್ಲಿಂದಲೇ ತಿರುಗಿ ಒಳಗೆ ಹೋದಳು. ಅವಳು ಯಾರ ಮೇಲೂ ಕೂಗಾಡಿದವಳಲ್ಲ, ಅದರಲ್ಲೂ ತಾನೇ ಕೈ ಮುರಿದ ಮನುಷ್ಯನ ಮೇಲೆ; ಆದರೂ ದನಿ ಏರಿತು.

"ನಿಮಗೆ ಬುದ್ಧಿ ಹೇಳೋ ಯೋಗ್ಯತೆ ನಂಗಿಲ್ಲ, ಆದ್ರೂ ಹೇಳ್ತೀನಿ. ಆ ಚೆಂಡು ತಗೊಳ್ಳಿ. ನಾಳೆ ಅಲ್ಲ, ಮನಸ್ಸು ಬಂದಾಗ ಅಲ್ಲ. ನಾಳೆ ನಾಳೆ ಅಂದವರು ಏನಾಗ್ತಾರೆ ಅಂತ ನೋಡ್ಬೇಕಾದ್ರೆ ನನ್ನ ಮುಖ ನೋಡಿ. ಕೈ ಮುರಿದವಳು ನಾನು, ಅದನ್ನ ಒಣಗಿಸ್ತಿರೋದು ನೀವು."

ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಪೇಂಟರನ ಮುಖ ಕೆಂಪಾಯಿತು. ಅವನು ನಿಧಾನವಾಗಿ ಕೇಳಿದ, "ನಿಮಗೂ ಏನಾದ್ರೂ ಔಷಧಿ ಕೊಟ್ಟಿದಾರಾ?"

"ಹನಿ. ಎರಡು ಹೊತ್ತು."

"ಇವತ್ತು ಬೆಳಗ್ಗೆ ಹಾಕ್ಕೊಂಡ್ರಾ?"

ಅವಳು ಬಾಯಿ ತೆರೆದಳು. ಅಮ್ಮನಿಗೆ ಹಾಕಿದ್ದು ನೆನಪಿತ್ತು. ಇಲ್ಲಿಗೆ ಬರುವ ದಿಗಿಲಿನಲ್ಲಿ ತನ್ನದು ಮರೆತಿತ್ತು.

"ಇಲ್ಲ," ಎಂದಳು.

ಪೇಂಟರು ಗೊಳ್ಳೆಂದು ನಕ್ಕುಬಿಟ್ಟ. ಆ ಅಪಘಾತದ ಮೇಲೆ ಆ ಮನೆಯಲ್ಲಿ ಅವನು ನಕ್ಕದ್ದು ಅದೇ ಮೊದಲು ಎಂದು ಹೆಂಡತಿ ಆಮೇಲೆ ಹೇಳಿದಳು. "ಸರಿ ಹೋಯ್ತು! ಎಂಥಾ ಪಂಡಿತರು ಸಿಕ್ಕಿದ್ರಪ್ಪಾ ನಂಗೆ!" ನಗು ನಿಂತ ಮೇಲೆ ಗೋಡೆಯ ಕಡೆ ನೋಡುತ್ತ ಹೇಳಿದ, "ಚೆಂಡು ಎಲ್ಲಿಟ್ಟಿದೀಯೇ, ಕೊಡು ಇಲ್ಲಿ. ಇವರ ಕಾಟ ತಪ್ಪಲಿ."

ಅವನು ಕ್ಷಮಿಸಿದ ಎಂದು ಹೇಳಲಾಗುವುದಿಲ್ಲ. ಅವಳು ಕೇಳಲೂ ಇಲ್ಲ. ಆಗಾಗ ಸಂಜೆ ಹೋಗಿ ಬರುತ್ತಿದ್ದಳು. ಅವನು ಚೆಂಡು ಹಿಸುಕುತ್ತ, "ನಿಮ್ಮದಾಯ್ತಾ?" ಎಂದು ಗದರುವ ಹಾಗೆ ಕೇಳುತ್ತಿದ್ದ. ಅವಳು "ಆಯ್ತು" ಎನ್ನುವುದು ದಿನ ಕಳೆದಂತೆ ನಿಜವಾಗತೊಡಗಿತು. ಅದರಲ್ಲಿ ಯಾವ ಸುಖವೂ ಇರಲಿಲ್ಲ. ಕಣ್ಣು ಚುರುಗುಟ್ಟುತ್ತಿತ್ತು, ಬಾಯಿಗೆ ಕಹಿ ಇಳಿಯುತ್ತಿತ್ತು, ಹಾಕಿಕೊಂಡದ್ದಕ್ಕೆ ಮುಖ ಹೊಳೆಯುತ್ತಿರಲಿಲ್ಲ, ಯಾರೂ ಭೇಷ್ ಅನ್ನುತ್ತಿರಲಿಲ್ಲ. ಮಧ್ಯಾಹ್ನ ಕೌಂಟರಿನ ಗಾಜಿಗೆ ಪರದೆ ಎಳೆದು ಡಬ್ಬಿ ಬಿಚ್ಚಿ ಉಣ್ಣುವುದನ್ನೂ ಕಲಿತಳು. ಮೊದಮೊದಲು ಹೊರಗೆ ಜನ ನಿಂತಿದ್ದಾರೆಂದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಮೇಲೆ ಇಳಿಯಿತು. ಜನ ಕಾದರು, ಏನೂ ಮುಳುಗಲಿಲ್ಲ. ಅದನ್ನು ನೋಡಿ ಅವಳಿಗೆ ಹಗುರಾಗುವ ಬದಲು ದುಃಖವೇ ಆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಪೇಂಟರನ ಬೆರಳು ಮಡಚಿದವು, ಆದರೆ ಹಳೆಯ ಹಿಡಿತ ಬರಲಿಲ್ಲ. ಉದ್ದದ ಗೆರೆ ಎಳೆಯುವಾಗ ಕೈ ಅದುರುತ್ತಿತ್ತು. ಅಂಚು ತಿದ್ದುವುದನ್ನು ಹೆಂಡತಿ ಕಲಿತಳು. ಒಂದು ಬೆಳಗ್ಗೆ ಡ್ರೈವರಕ್ಕ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಚೆ ಕಚೇರಿಯ ಎದುರಿಗೆ ಹೊಸ ಬಟ್ಟೆ ಅಂಗಡಿಯ ಬೋರ್ಡು ಏರಿತ್ತು. ಹಳದಿಯ ಮೇಲೆ ಹಸಿರು ಅಕ್ಷರ. ಆ ಕೈ ಯಾರದೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಸಾಲು ಬಲಕ್ಕೆ ಹೋದಂತೆ ಒಂದಿಷ್ಟು ಇಳಿದಿತ್ತು. ದಾರಿಹೋಕರು ಗಮನಿಸುವಷ್ಟಲ್ಲ, ಹುಡುಕಿದವರಿಗೆ ಸಿಗುವಷ್ಟು. ಅವಳು ಫುಟ್‌ಪಾತಿನ ಅಂಚಿನಲ್ಲಿ ನಿಂತಳು. ಬೋರ್ಡು ಒಂದೇ ನೋಟಕ್ಕೆ ಕಣ್ಣಿನಲ್ಲಿ ಹಿಡಿಯಲಿಲ್ಲ. ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ ಮೊದಲ ಅಕ್ಷರದಿಂದ ಶುರುಮಾಡಿ, ನಿಧಾನವಾಗಿ ಬಲಕ್ಕೆ ಬರುತ್ತ, ಇಳಿಜಾರಿನ ಕೊನೆಯವರೆಗೂ ಒಂದೊಂದೇ ಅಕ್ಷರ ಓದಿದಳು.